ಒದ್ದೆಗಾಲಿನ ಮೆಟ್ಟಿಲು

ಗೃಹಪ್ರವೇಶದ ದಿನ ಬಂದವರೆಲ್ಲ ಹೊಗಳಿದ್ದು ಮೆಟ್ಟಿಲನ್ನು. ಕಪ್ಪು ಗ್ರಾನೈಟು, ಬಗ್ಗಿದರೆ ಮುಖ ಕಾಣುವಷ್ಟು ಪಾಲಿಶ್, ಒಂದೊಂದು ಮೆಟ್ಟಿಲ ಅಂಚೂ ಉರುಟಾಗಿ ತೀಡಿದ್ದು. ಜೂನ್ ಬಂತು. ಅಂಗಳದಲ್ಲಿ ಕಾಲು ತೊಳೆದು ಒಳಗೆ ಬಂದವರು ಅದೇ ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಹತ್ತತೊಡಗಿದರು. ಆಸಾಡಿ ತಿಂಗಳ ಒಂದು ಸಂಜೆ ಮನೆಯ ಅಜ್ಜಿ ಇಳಿಯುವಾಗ ಜಾರಿದರು. ಕೈಗೆ ಕಂಬಿ ಸಿಕ್ಕಿತು, ಪುಣ್ಯಕ್ಕೆ ಏನೂ ಆಗಲಿಲ್ಲ. ಅಂದು ರಾತ್ರಿಯೇ ಸೊಸೆ ಫೋನು ಹಿಡಿದು ಹುಡುಕಲು ಕೂತರು: ಮೆಟ್ಟಿಲಿಗೆ ಹಾಸುವ ಕಾರ್ಪೆಟ್.

ಅವರ ಮನಸ್ಸಿನಲ್ಲಿದ್ದ ಚಿತ್ರ ಸ್ಪಷ್ಟವಾಗಿತ್ತು. ಎರಡೂ ಬದಿ ಅಂಗೈ ಅಗಲ ಕಪ್ಪು ಕಲ್ಲು ಕಾಣಬೇಕು, ನಡುವೆ ಮೇಲಿನಿಂದ ಕೆಳಗಿನವರೆಗೆ ಗಾಢ ಕೆಂಪಿನ ಉದ್ದ ಪಟ್ಟಿ, ಅದಕ್ಕೆ ತೆಳು ಹಳದಿ ಅಂಚು. ಗಂಡ ಕೆಲಸ ಮಾಡುವ ಬೆಂಗಳೂರಿನ ಹೋಟೆಲಿನಲ್ಲಿ ಅಂಥದ್ದನ್ನು ನೋಡಿದ್ದರು. ಅಂಗಡಿಯವರು ಅದನ್ನು ‘ರನ್ನರ್’ ಎನ್ನುತ್ತಾರೆ. ಇದು ಬರೀ ಚಂದಕ್ಕಾಗಿ ಹುಟ್ಟಿದ ಆಸೆಯಲ್ಲ. ಅತ್ತೆ ಬೀಳಬಾರದು ಎಂಬ ಕಾಳಜಿ ಮೊದಲು, ಚಂದ ಆಮೇಲೆ. ಅಜ್ಜಿ ಮಾತ್ರ ಒಂದೇ ಪ್ರಶ್ನೆ ಕೇಳಿದರು: “ಮಳಿಗಾಲ್ದಗೆ ಅದನ್ನ ಒಣ್ಸುದ್ ಎಲ್ಲ್ ಮಗಾ?”

ಈ ಮನೆಯಿರುವ ಕುಂದಾಪುರದ ಕೋಡಿಯ ನೆಲ ಗೊತ್ತಿದ್ದವರಿಗೆ ಆ ಪ್ರಶ್ನೆಯ ತೂಕ ತಿಳಿಯುತ್ತದೆ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಪಂಚಗಂಗಾವಳಿಯ ನೀರು, ನಡುವೆ ಮರಳಿನ ಉದ್ದ ಪಟ್ಟಿ. ಸೌಪರ್ಣಿಕೆ, ವಾರಾಹಿ, ಚಕ್ರಾ ಸೇರಿ ಐದು ನದಿಗಳು ಇಲ್ಲಿಯೇ ಕಡಲು ಸೇರುತ್ತವೆ. ಅಳಿವೆಯ ಆಚೆ ಗಂಗೊಳ್ಳಿಯ ಬಂದರು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆ ಬಿಟ್ಟ ಮೇಲೂ ಗಾಳಿಯಲ್ಲಿ ಉಪ್ಪು, ಕಾಲಲ್ಲಿ ಮರಳು. ಕಡಲಾಮೆಗಳು ಮೊಟ್ಟೆಯಿಡಲು ಹುಡುಕಿಕೊಂಡು ಬರುವ ಮರಳು ಇದು. ಸಂಜೆ ಸೀವಾಕ್ ತುದಿಯವರೆಗೆ ನಡೆದು ಬಂದ ಮಕ್ಕಳ ಬೆರಳ ಸಂದಿಯಲ್ಲಿ ಕೂತು ಅದೇ ಮರಳು ಮನೆಗೂ ಬರುತ್ತದೆ. ಅದಕ್ಕೇ ಈ ಕಡೆ ಕಾಲು ತೊಳೆಯದೆ ಒಳಗೆ ಬರುವ ಪದ್ಧತಿಯಿಲ್ಲ. ಹಿಂದೆ ಜಗಲಿಯ ಬುಡದಲ್ಲಿ ಒಂದು ಕಲ್ಲು, ಪಕ್ಕದಲ್ಲಿ ನೀರಿನ ಹಂಡೆ, ಮೇಲೊಂದು ಚೆಂಬು ಇರುತ್ತಿತ್ತು. ಈಗ ಅದೇ ಜಾಗದಲ್ಲಿ ನಲ್ಲಿ ಇದೆ. ನೆಂಟರು ಬಂದರೂ ಮೊದಲ ಮಾತು “ಬನಿ, ಕಾಲ್ ತೊಳ್ಕಣಿ.”

ಹಾಗಾಗಿ ಇಲ್ಲಿ ಮನೆಯೊಳಗೆ ನಡೆಯುವ ಕಾಲು ಬರಿಗಾಲು, ಜೊತೆಗೆ ಒದ್ದೆಗಾಲು. ಮಳೆಗಾಲದಲ್ಲಷ್ಟೇ ಒದ್ದೆ ಎಂದಲ್ಲ, ಬೇಸಗೆಯಲ್ಲೂ. ರನ್ನರ್ ಬೇಕೋ ಬೇಡವೋ ಎಂಬ ಪ್ರಶ್ನೆ ಕೋಡಿಯಲ್ಲಿ ಇದರಿಂದಲೇ ಶುರುವಾಗಬೇಕು.

ರನ್ನರ್ ಹಾಸುತ್ತಿದ್ದ ಇಂಗ್ಲೆಂಡಿನ ಹಳೆಯ ಮನೆಗಳ ಮೆಟ್ಟಿಲು ಮರದ್ದು, ಹತ್ತುವ ಕಾಲು ಬೂಟಿನದ್ದು, ಹೊರಗೆ ಚಳಿ. ಹತ್ತಿ ಇಳಿದರೆ ಮನೆಯೆಲ್ಲ ಸದ್ದು. ಅದಕ್ಕೆ ನಡುವೆ ಉಣ್ಣೆಯ ಪಟ್ಟಿ ಹಾಸಿ, ಒಂದೊಂದು ಮೆಟ್ಟಿಲ ಬುಡದಲ್ಲೂ ಅಡ್ಡಕ್ಕೆ ಹಿತ್ತಾಳೆಯ ಸರಳು ಕೂರಿಸಿ ಬಿಗಿಯುತ್ತಿದ್ದರು. ಸರಳು ಎಳೆದರೆ ಕಾರ್ಪೆಟ್ ಬಿಡಿಯಾಗಿ ಕೈಗೆ ಬರುತ್ತದೆ, ಹೊರಗೆ ಒಯ್ದು ಕೊಡವಬಹುದು. ಪಟ್ಟಿಯನ್ನು ಬೇಕಾದ್ದಕ್ಕಿಂತ ಒಂದಿಷ್ಟು ಉದ್ದಕ್ಕೇ ತರಿಸಿ, ಉಳಿದದ್ದನ್ನು ತುದಿಯಲ್ಲಿ ಒಳಗೆ ಮಡಚಿಡುತ್ತಿದ್ದರು. ಆಗಾಗ ಕೆಲವು ಇಂಚು ಮೇಲಕ್ಕೋ ಕೆಳಕ್ಕೋ ಸರಿಸಿದರೆ ಅಂಚಿನ ಮೇಲೆ ಬರುವ ಜಾಗ ಬದಲಾಗುತ್ತದೆ, ಒಂದೇ ಕಡೆ ಸವೆದು ದಾರ ಕಾಣುವುದಿಲ್ಲ. ಹಳೆ ಸೀರೆಯನ್ನು ಕೌದಿಯವರೆಗೆ ಬಾಳಿಸುವ ನಮ್ಮ ಕಡೆಯ ಹೆಂಗಸರು ಈ ಜಾಣತನವನ್ನು ಮೆಚ್ಚದೆ ಇರಲಾರರು.

ಆದರೆ ಮರದ ಮೆಟ್ಟಿಲಿಗೆ ಮೊಳೆ ಹಿಡಿಯುತ್ತದೆ, ಸ್ಕ್ರೂ ಹಿಡಿಯುತ್ತದೆ. ಗ್ರಾನೈಟಿಗೆ ಡ್ರಿಲ್ ಬಿಡಬೇಕು, ಅಂಚಿನ ಹತ್ತಿರ ಬಿಟ್ಟರೆ ಕಲ್ಲು ಸೀಳುವ ಭಯ. ಗಮ್ಮಿನಲ್ಲಿ ಅಂಟಿಸುವುದೊಂದೇ ಸುಲಭದ ದಾರಿ. ನಾಲ್ಕು ತಿಂಗಳು ತೇವದಲ್ಲಿದ್ದ ಅಂಟು ಬೇಗ ಬಿಡುತ್ತದೆ, ಅದೂ ಮೊದಲು ಬಿಡುವುದು ಕಾಲು ಬೀಳುವ ಅಂಚಿನಲ್ಲೇ. ಅಂಚಿನಲ್ಲಿ ಸಡಿಲವಾದ ಕಾರ್ಪೆಟ್ ಬರಿಯ ಕಲ್ಲಿಗಿಂತ ಅಪಾಯ. ಕಬ್ಬಿಣದ ಮೊಳೆಗೆ ಕೋಡಿಯ ಗಾಳಿ ತಾಗಿದರೆ ತುಕ್ಕು, ಹಿತ್ತಾಳೆಗೆ ತಾಗಿದರೆ ಕಿಲುಬು. ಇನ್ನು ದಪ್ಪ ನೂಲಿನ ಬುಡಕ್ಕೆ ಇಳಿದ ಮರಳು ಪೊರಕೆಗೆ ಸಿಗುವುದಿಲ್ಲ, ಅಲ್ಲೇ ಕೂತು ಪ್ರತಿ ಹೆಜ್ಜೆಗೂ ನೂಲನ್ನು ಕೊರೆಯುತ್ತದೆ. ಬೂಸಲಿನ ಮಾತು ಬೇರೆ. ಧೂಳಿನ ನುಸಿ ಗಾಳಿಯಲ್ಲಿರುವ ತೇವವನ್ನೇ ಹೀರಿ ಬದುಕುವ ಜೀವಿ. ದಮ್ಮಿನ ಕಾಯಿಲೆಯವರಿರುವ ಮನೆಯಲ್ಲಿ ಒದ್ದೆ ಕಾರ್ಪೆಟ್ ಎಂದರೆ ಅದಕ್ಕೆ ಕರೆದು ಜಾಗ ಕೊಟ್ಟ ಹಾಗೆ.

ಅಜ್ಜಿ ಬೆಳೆದ ಮನೆಯಲ್ಲಿ ಮೆಟ್ಟಿಲೆಂದರೆ ಉಪ್ಪರಿಗೆಗೆ ಹೋಗುವ ಮರದ ಮೆಟ್ಟಿಲು. ಅಂಥ ಮನೆಗಳು ಕುಂದಾಪುರ ಸೀಮೆಯಲ್ಲಿ ಈಗಲೂ ಅಲ್ಲಲ್ಲಿ ನಿಂತಿವೆ. ಕಡಿದಾದ ಏರು, ಒಂದು ಪಾದ ಪೂರ್ತಿ ಕೂರದ ಹಲಗೆ, ತಲೆ ತಗ್ಗಿಸಿ ದಾಟಬೇಕಾದ ತೊಲೆ. ಮೇಲಿನಿಂದ ಒಂದು ದಪ್ಪ ಹಗ್ಗ ಇಳಿಬಿಟ್ಟಿರುತ್ತಿತ್ತು. ಎಷ್ಟೋ ಜನರ ಅಂಗೈ ತಾಗಿ ಆ ಹಗ್ಗ ನುಣುಪಾಗಿ, ಕಪ್ಪಾಗಿ ಹೊಳೆಯುತ್ತಿತ್ತು. ಅದನ್ನು ಹಿಡಿಯದೆ ಹತ್ತಿದವರಿಲ್ಲ. ಮೇಲೆ ಉಪ್ಪಿನಕಾಯಿಯ ಭರಣಿ, ಒಣಗಿದ ತೆಂಗಿನಕಾಯಿ, ಹಬ್ಬಕ್ಕೆ ಮಾತ್ರ ಇಳಿಸುವ ತಾಮ್ರದ ಪಾತ್ರೆ. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಭರಣಿ ಹಿಡಿದು ಹಿಮ್ಮುಖವಾಗಿ, ಹಲಗೆಯನ್ನು ಹೆಬ್ಬೆರಳಲ್ಲಿ ತಡಕುತ್ತ ಇಳಿಯುವುದನ್ನು ಮಕ್ಕಳು ನೋಡಿಯೇ ಕಲಿಯುತ್ತಿದ್ದರು. ಮರಕ್ಕೆ ಬರಿಗಾಲು ಜಾರುತ್ತಿರಲಿಲ್ಲ. ಬಂದವರು ಯಾರೆಂದು ಹೆಜ್ಜೆಯ ಸದ್ದೇ ಹೇಳುತ್ತಿತ್ತು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಇಂಥ ಹಳೆಯ ಮನೆಗಳನ್ನು ಒಂದೊಂದೇ ತೊಲೆ ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ. ಕುಂಜೂರಿನ ಚೌಕಿಮನೆಯೂ ಅಲ್ಲಿದೆ. 2016ರಿಂದ ಜನರ ವೀಕ್ಷಣೆಗೂ ತೆರೆದಿರುವ ಆ ಮನೆಗಳ ಮರದ ಕೆಲಸವನ್ನು ಹತ್ತಿರದಿಂದ ನೋಡಿದರೆ, ಹಳಬರು ಕೈಗೂ ಕಾಲಿಗೂ ಎಷ್ಟು ಯೋಚನೆ ಮಾಡಿದ್ದರು ಎಂಬುದು ತಿಳಿಯುತ್ತದೆ.

ಮರದ ಕಾಲ ಮುಗಿದ ಮೇಲೆ ಬಂದದ್ದು ಕೆಂಪು ಸಿಮೆಂಟು. ಆ ಕಾಲದ ಮೇಸ್ತ್ರಿಗಳು ಮೆಟ್ಟಿಲು ತೀಡಿದ ಮೇಲೆ, ಸಿಮೆಂಟು ಹಸಿ ಇರುವಾಗಲೇ, ಅಂಚಿನಿಂದ ಒಂದೆರಡು ಇಂಚು ಒಳಗೆ ನೂಲು ಎಳೆದು ಬಿಗಿಯಾಗಿ ಒತ್ತುತ್ತಿದ್ದರು. ನೂಲು ತೆಗೆದರೆ ಸಣ್ಣ ಗೆರೆ. ಹೀಗೆ ಎರಡೋ ಮೂರೋ ಗೆರೆ. ಕಾಸು ಖರ್ಚಿಲ್ಲ, ಹೆಸರೂ ಇಲ್ಲ. ಐವತ್ತು ವರ್ಷವಾದರೂ ಆ ಗೆರೆ ಹೆಬ್ಬೆರಳಿಗೆ ಸಿಗುತ್ತದೆ. ಗ್ರಾನೈಟು ಬಂದಾಗ ಬಿಟ್ಟುಹೋದದ್ದು ಈ ಗೆರೆ. ಕಲ್ಲಿನ ತಪ್ಪು ಇದರಲ್ಲಿ ಏನೂ ಇಲ್ಲ. ಕಾರ್ಕಳದ ಗೊಮ್ಮಟನ ಬೆಟ್ಟದಲ್ಲಿ ಬಂಡೆಯನ್ನೇ ಕಡಿದು ಮಾಡಿದ ಮೆಟ್ಟಿಲುಗಳಿವೆ, ಮೇಲಿನ ಮೂರ್ತಿ 1432ರದ್ದು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲು, ಎಲ್ಲರೂ ಹತ್ತುವುದು ಚಪ್ಪಲಿ ಬಿಟ್ಟು. ಉಳಿ ತಾಗಿದ ಕಲ್ಲು ಪಾದವನ್ನು ಹಿಡಿಯುತ್ತದೆ. ಕನ್ನಡಿಯ ಹಾಗೆ ಹೊಳೆಯಲಿ ಎಂದು ನಾವು ಉಜ್ಜಿ ಉಜ್ಜಿ ಆ ಹಿಡಿತವನ್ನು ತೆಗೆಸುತ್ತೇವೆ, ಅದಕ್ಕೆ ಚದರಡಿ ಲೆಕ್ಕದಲ್ಲಿ ದುಡ್ಡನ್ನೂ ಕೊಡುತ್ತೇವೆ.

ಹಾಗೆಂದು ಕರಾವಳಿಯವರು ಜಾರುವ ಜಾಗಕ್ಕೆ ಏನನ್ನೂ ಹಾಸದವರಲ್ಲ. ಜಡಿಮಳೆಯಲ್ಲಿ ಅಂಗಳದ ಮುರಕಲ್ಲಿಗೆ ಪಾಚಿ ಹಿಡಿದಾಗ ತೆಂಗಿನ ಮಡ್ಲು, ಅಡಿಕೆಯ ಸೋಗೆ ಎಳೆದು ತಂದು ಬಾವಿಕಟ್ಟೆಯಿಂದ ಜಗಲಿಯವರೆಗೆ ಹಾಸುತ್ತಿದ್ದರು. ಕಾಲು ಅದರ ಮೇಲೆಯೇ. ಕೊಳೆತರೆ ತೆಂಗಿನ ಬುಡಕ್ಕೆ, ಅದರ ಜಾಗಕ್ಕೆ ಹೊಸತು. ಒಣಗಿಸುವ ಪ್ರಶ್ನೆಯೇ ಬರುತ್ತಿರಲಿಲ್ಲ. ಈ ಊರಿನ ನಿಜವಾದ ರನ್ನರ್ ಅದು ಎಂದರೆ ಯಾರೂ ತಕರಾರು ಮಾಡಲಾರರು.

ಮನೆಯೊಳಗಿನ ಹಾಸು ಎಂದರೆ ಚಾಪೆ. ಕೇದಗೆ ಜಾತಿಯ ಮುಂಡುಗದ ಎಲೆಯ ಮುಳ್ಳು ತೆಗೆದು, ಒಣಗಿಸಿ, ಸೀಳಿ ಹೆಣೆದ ಚಾಪೆ. ಬೆಳಿಗ್ಗೆ ಎದ್ದರೆ ಸುತ್ತಿ ಮೂಲೆಗೆ. ಹೆಚ್ಚು ಜನ ಸೇರಿದಾಗ ಮಾತ್ರ ಜಮಖಾನೆ ಹೊರಗೆ ಬರುತ್ತಿತ್ತು. ಮದುವೆಯ ಚಪ್ಪರಕ್ಕೆ, ಭಜನೆಗೆ, ತಾಳಮದ್ದಳೆಗೆ. ರಾತ್ರಿಯಿಡೀ ಅರ್ಥಗಾರಿಕೆ ಕೇಳಿ ಎದ್ದವರ ಅಂಗಾಲಿನಲ್ಲಿ ಅದರ ನೇಯ್ಗೆಯ ಅಚ್ಚು ಕೂತಿರುತ್ತಿತ್ತು. ಬೆಳಿಗ್ಗೆ ಇಬ್ಬರು ಎರಡು ತುದಿ ಹಿಡಿದು ಅಂಗಳದಲ್ಲಿ ನಿಂತು ಕೊಡವುವುದು ಮಕ್ಕಳಿಗೆ ಹಬ್ಬ. ಧೂಳಿನ ಜೊತೆ ಯಾರದ್ದೋ ಎಲೆಯಡಿಕೆಯ ತುಂಡು, ಎಂಟಾಣೆ ನಾಣ್ಯ ಹಾರಿ ಬೀಳುತ್ತಿತ್ತು. ನಾಲ್ಕು ಮಡಿಕೆ ಮಾಡಿ ಮತ್ತೆ ಕಪಾಟಿಗೆ.

ಜಮಖಾನೆ ಎಂದ ಮೇಲೆ ನವಲಗುಂದದ ಮಾತು ಬರಲೇಬೇಕು. ಧಾರವಾಡ ಜಿಲ್ಲೆಯ ಆ ಊರಿನಲ್ಲಿ ಇದನ್ನು ನೇಯುವವರು ಹೆಂಗಸರು ಮಾತ್ರ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು, ಹತ್ತಿಯ ಬಣ್ಣದ ನೂಲನ್ನು ಬೆರಳಲ್ಲೇ ಹಾಯಿಸಿ, ಕಬ್ಬಿಣದ ಹಣಿಗೆಯಿಂದ ಬಡಿದು ಬಿಗಿ ಮಾಡುತ್ತಾರೆ. ನವಿಲು, ಪಗಡೆ ಹಾಸಿನ ಚಿತ್ತಾರ, ಅಂಚಿಗೆ ಮೂಲೆ ಮೂಲೆಯ ಗೆರೆ. ಆದಿಲ್‌ಶಾಹಿ ಬಿಜಾಪುರದಿಂದ ವಲಸೆ ಬಂದ ನೇಕಾರರ ಕಸುಬು ಎಂದು ಊರಿನವರು ಹೇಳುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂತು. ಕೋಡಿಯ ಮನೆಯ ಸೊಸೆ ಫೋನಿನಲ್ಲಿ ಕೆಂಪು ರನ್ನರ್ ಹುಡುಕುತ್ತ ಹೋದವರು ಈ ನವಿಲಿನ ಮುಂದೆ ನಿಂತುಬಿಟ್ಟರು. ಬೇಕಾದ ಕೆಂಪು ಅದರಲ್ಲಿತ್ತು. ಆದರೆ ಮೆಟ್ಟಿಲಿಗೆ ಹತ್ತಿಯೂ ಆಗದು. ಹತ್ತಿ ನೀರನ್ನು ಚೆನ್ನಾಗಿ ಕುಡಿಯುತ್ತದೆ. ಬಿಡಿಯಾಗಿ ಹಾಸಿದರೆ ಗ್ರಾನೈಟಿನ ಮೇಲೆ ತೆಳು ಜಮಖಾನೆ ಕಾಲಿನ ಜೊತೆಗೇ ಜಾರುತ್ತದೆ.

ಉಳಿದದ್ದು ತೆಂಗಿನ ನಾರು. ನೆಂಟರೊಬ್ಬರು ಕೊಟ್ಟ ಸಲಹೆ, ತಳ್ಳಿಹಾಕುವಂಥದ್ದಲ್ಲ. ಸಿಪ್ಪೆಯನ್ನು ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ಕೊಳೆಹಾಕಿ, ಬಡಿದು, ನಾರು ಬಿಡಿಸಿ ಹುರಿ ಮಾಡುತ್ತಾರೆ. ಉಪ್ಪುನೀರಿಗೆ ಬಗ್ಗದ ನಾರು ಅದು. ದೋಣಿಯ ಹಗ್ಗಕ್ಕೆ ಹಿಂದೆ ಅದನ್ನೇ ನೆಚ್ಚಿಕೊಂಡಿದ್ದರು. ಅಲಪ್ಪುಳದಲ್ಲಿ ಜೇಮ್ಸ್ ಡಾರಾ ಎಂಬವನು 1859ರಲ್ಲಿ ಶುರುಮಾಡಿದ ಕಾರ್ಖಾನೆಯಿಂದ ನಾರಿನ ಚಾಪೆ ಹಡಗು ಹತ್ತಿ ಹೊರದೇಶದ ಮನೆಗಳ ಬಾಗಿಲಿಗೆ ಹೋಯಿತು. ಬೇಸಗೆಯಲ್ಲಿ ದೇವಸ್ಥಾನದ ಕಾದ ಅಂಗಳಕ್ಕೆ ಹಾಸುವ ಉದ್ದ ಚಾಪೆಯೂ ಅದರದ್ದೇ. ಕಾಲನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ. ತೊಂದರೆ ಎರಡು. ಎಪ್ಪತ್ತು ದಾಟಿದ ಅಂಗಾಲಿನ ತೆಳು ಚರ್ಮಕ್ಕೆ ಚುಚ್ಚುತ್ತದೆ. ಜಾರದಿರಲೆಂದು ಅಡಿಗೆ ರಬ್ಬರು ಹಾಕಿದ್ದನ್ನು ತಂದರೆ ನೀರು ರಬ್ಬರಿಗೂ ಕಲ್ಲಿಗೂ ನಡುವೆ ನಿಂತುಬಿಡುತ್ತದೆ. ಮೆಟ್ಟಿಲ ಬುಡದಲ್ಲಿ ಕಾಲೊರಸಲು ಇದಕ್ಕಿಂತ ಒಳ್ಳೆಯದಿಲ್ಲ. ಮೆಟ್ಟಿಲ ಮೇಲೆ ಅದರ ಕೆಲಸ ಕಡಿಮೆ.

ಇಷ್ಟು ಹೊತ್ತಿಗೆ ಮನೆಯಲ್ಲಿ ಎಲ್ಲರೂ ಮೆಟ್ಟಿಲ ಬಗ್ಗೆ ಪಂಡಿತರಾಗಿದ್ದರು. ಇಂಜಿನಿಯರಿಂಗ್ ಓದುವ ಮೊಮ್ಮಗ ಟೇಪು ತಂದು ಅಳೆದ. ಕಾಲಿಡುವ ಜಾಗ 10 ಇಂಚು, ಎತ್ತರ ಹತ್ತಿರ ಹತ್ತಿರ 7. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಗೆ ಹೇಳುವುದು ಕಾಲಿಡುವ ಜಾಗ ಕನಿಷ್ಠ 250 ಮಿಲಿಮೀಟರ್, ಎತ್ತರ ಹೆಚ್ಚೆಂದರೆ 190. ಅಳತೆ ಸರಿಯಾಗಿಯೇ ಇತ್ತು. ಫ್ರಾನ್ಸಿನ ಫ್ರಾಂಸ್ವಾ ಬ್ಲೊಂಡೆಲ್ 1675ರಲ್ಲಿ ಶುರುಮಾಡಿದ ವಾಸ್ತುಗ್ರಂಥದಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟಿದ್ದಾನೆ: ಎತ್ತರದ ಎರಡರಷ್ಟಕ್ಕೆ ಕಾಲಿಡುವ ಜಾಗ ಸೇರಿಸಿದರೆ 24 ಇಂಚು ಬರಬೇಕು, ಮನುಷ್ಯನ ಹೆಜ್ಜೆಯ ಉದ್ದ ಅಷ್ಟು. ಏಳೆರಡ್ಲಿ ಹದಿನಾಲ್ಕು, ಹತ್ತು ಸೇರಿದರೆ 24. ಫ್ರೆಂಚ್ ಇಂಚು ನಮ್ಮದಕ್ಕಿಂತ ಚೂರು ದೊಡ್ಡದಾದರೂ ಮೊಮ್ಮಗನಿಗೆ ಖುಷಿಯೋ ಖುಷಿ.

ಆ ಲೆಕ್ಕದಿಂದಲೇ ಕಾರ್ಪೆಟಿನ ಇನ್ನೊಂದು ಮುಖ ಹೊರಗೆ ಬಂತು. ಮೆಟ್ಟಿಲಲ್ಲಿ ಜನ ಹೆಚ್ಚಾಗಿ ಬೀಳುವುದು ಇಳಿಯುವಾಗ. ಇಳಿಯುವ ಪಾದದ ಮುಂಭಾಗ ಅಂಚಿನಿಂದ ಚೂರು ಹೊರಗೆ ಚಾಚಿಯೇ ಇರುತ್ತದೆ, ಭಾರವೆಲ್ಲ ಅಂಚಿನ ಹತ್ತಿರ. ದಪ್ಪ ಕಾರ್ಪೆಟ್ ಹಾಸಿದರೆ ಆ ಅಂಚು ಮೆತ್ತಗಾಗಿ ಉರುಟಾಗುತ್ತದೆ, 10 ಇಂಚಿನಲ್ಲಿ ಅಷ್ಟು ಜಾಗ ಕೈಬಿಟ್ಟುಹೋಗುತ್ತದೆ. ಹೂಬಳ್ಳಿಯ ಚಿತ್ತಾರವಿದ್ದರಂತೂ ಒಂದು ಮೆಟ್ಟಿಲು ಮುಗಿದು ಇನ್ನೊಂದು ಶುರುವಾಗುವ ಜಾಗ ಮೇಲಿನಿಂದ ನೋಡುವ ಕಣ್ಣಿಗೆ ತಿಳಿಯುವುದಿಲ್ಲ, ಪೊರೆ ಬಂದ ಕಣ್ಣಿಗೆ ಇನ್ನೂ ಕಷ್ಟ. ಅಮೆರಿಕದಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದ ಜಾನ್ ಟೆಂಪ್ಲರ್ ಮೆಟ್ಟಿಲೊಂದರ ಮೇಲೆಯೇ ಎರಡು ಸಂಪುಟ ಬರೆದು 1992ರಲ್ಲಿ ಹೊರತಂದರು, ಅದರಲ್ಲಿ ಒಂದು ಪೂರ್ತಿ ಸಂಪುಟ ಬೀಳುವುದರ ಬಗ್ಗೆ. ಎರಡು ಸಂಪುಟಕ್ಕಾಗುವಷ್ಟು ವಿಷಯ ಇದರಲ್ಲಿ ಖಂಡಿತ ಇದೆ. ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ, ಹೆಚ್ಚಿನವರು 60 ದಾಟಿದವರು.

ಅಜ್ಜಿ ಯಾವ ಸಂಪುಟವನ್ನೂ ಓದಿದವರಲ್ಲ. “ಕಾಲಿಗೆ ಗೊತ್ತಾಯ್ಕ್ ಮಗಾ, ಮೆಟ್ಲ್ ಎಲ್ಲಿಗೆ ಮುಗಿತ್ತ್ ಅಂದೇಳಿ,” ಎಂದರು. ಮೊಮ್ಮಗ ಅಳತೆಯ ಟೇಪನ್ನು ಸುತ್ತಿ ಒಳಗಿಟ್ಟ.

ಸೊಸೆ ಬೇಸರಪಟ್ಟುಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆ ಕಟ್ಟುವಾಗ ಬಣ್ಣದಿಂದ ಹಿಡಿದು ಬಾಗಿಲ ಚಿಲಕದವರೆಗೆ ಎಲ್ಲವನ್ನೂ ಬೇರೆಯವರೇ ಆರಿಸಿದ್ದರು. ಆ ಕೆಂಪು ಪಟ್ಟಿ ಅವರದೇ ಎನ್ನುವಂತಿದ್ದ ಒಂದು ಆಸೆ. ಅದನ್ನು ಹಾಗೆಯೇ ಬಿಡುವುದು ನ್ಯಾಯವಲ್ಲ ಎಂದು ಅಜ್ಜಿಗೂ ಅನ್ನಿಸಿರಬೇಕು. ಸೋಣೆ ತಿಂಗಳು ಬಂತು, ಹೊಸ್ತಿಲಿಗೆ ದಿನವೂ ಸೇಡಿ ಬರೆದು ಹೂವಿಡುವ ಕಾಲ. ಒಂದು ಬೆಳಿಗ್ಗೆ ಹೊಸ್ತಿಲ ಪೂಜೆ ಮುಗಿಸಿ ಕೂತ ಅತ್ತೆ ಸೊಸೆ ಇಬ್ಬರೇ ಮಾತಾಡಿ ಒಂದು ತೀರ್ಮಾನಕ್ಕೆ ಬಂದರು. ಮೆಟ್ಟಿಲಿಗೆ ಹಾಸು ಬೇಡ. ಮಹಡಿಯ ಮೇಲಿನ ಉದ್ದ ನಡೆಗೆ, ಒದ್ದೆಗಾಲು ಅಲ್ಲಿಗೆ ಮುಟ್ಟುವಷ್ಟರಲ್ಲಿ ಒಣಗಿರುವುದರಿಂದ, ನವಲಗುಂದದ ಕೆಂಪು ಜಮಖಾನೆ ತರಿಸುವುದು; ಮಳೆಗಾಲಕ್ಕೆ ಮಡಚಿ ಕಪಾಟಿಗೆ, ದೀಪಾವಳಿಗೆ ಮತ್ತೆ ಹೊರಗೆ.

ಮೆಟ್ಟಿಲ ಕೆಲಸ ನಡೆದದ್ದು ಚೌತಿ ಕಳೆದ ಮೇಲೆ. ಗ್ರಾನೈಟಿನ ಹುಡುಗ ಗ್ರೈಂಡರ್ ತಂದು, ಒಂದೊಂದು ಮೆಟ್ಟಿಲಲ್ಲೂ ಅಂಚಿನಿಂದ ಒಂದು ಇಂಚು ಬಿಟ್ಟು, ಅಕ್ಕಪಕ್ಕ ಮೂರು ಗೆರೆ ಕೊರೆದ. ಬ್ಲೇಡಿಗೆ ಇನ್ನೊಬ್ಬ ನೀರು ಬಿಡುತ್ತ ನಿಂತಿದ್ದರೂ ಬೂದಿಬಣ್ಣದ ಕೆಸರು ಗೋಡೆಗೆಲ್ಲ ಸಿಡಿಯಿತು. ಕಲ್ಲು ಕೂರಿಸುವ ಮೊದಲೇ ಅಂಗಡಿಯಲ್ಲಿ ಹೊಡೆಸಿದ್ದರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸ; ಮನೆ ಕಟ್ಟಿಸುವವರು ಯಾರಾದರೂ ಇದ್ದರೆ ಇದೊಂದನ್ನು ಗಮನಿಸುವುದು ಒಳ್ಳೆಯದು. ಹೊಳಪೇ ಬೇಡ ಎನ್ನುವವರಿಗೆ ಬೆಂಕಿ ತೋರಿಸಿ ದೊರಗು ಮಾಡಿದ ಕಲ್ಲೂ ಸಿಗುತ್ತದೆ. ಗೆರೆಯೊಳಗೆ ಕೂರುವ ಮರಳನ್ನು ಹಳೆಯ ಬ್ರಶ್ಶಿನಿಂದ ಒಮ್ಮೆ ಎಳೆದರೆ ಹೋಗುತ್ತದೆ. ಬುಡದಲ್ಲಿ ನಾರಿನ ಚಾಪೆ ಬಂತು. ಅದರ ಮೇಲೆ ನಿಂತು ಕಾಲು ಉಜ್ಜುವ ಮಜಾ ಮಕ್ಕಳಿಗೆ ಎಷ್ಟು ಹಿಡಿಸಿದೆಯೆಂದರೆ ತಿಂಗಳೊಳಗೆ ನಡುವಿನಲ್ಲಿ ನಾರು ಎದ್ದಿದೆ.

ಕಂಬಿಯೊಂದು ಬಾಕಿ. ಈಗಿರುವುದು ಒಂದೇ ಬದಿಗೆ, ಗೋಡೆಯ ಕಡೆಗೂ ಒಂದು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಸೊಸೆ ಸ್ಟೀಲ್ ಎನ್ನುತ್ತಾರೆ, ಅದೂ 316 ದರ್ಜೆಯದ್ದು. ಸಮುದ್ರದ ಗಾಳಿಗೆ ಅಗ್ಗದ 202ಕ್ಕೆ ಆರು ತಿಂಗಳಲ್ಲಿ ಚುಕ್ಕೆ ಬರುವುದನ್ನು ನೆರೆಮನೆಯ ಗೇಟಿನಲ್ಲಿ ನೋಡಿದ್ದಾರೆ. ಅಜ್ಜಿಗೆ ಹಲಸಿನ ಮರದ್ದು ಬೇಕು, ಕೈಗೆ ತಣ್ಣಗೆ ತಾಗಬಾರದು, ಮುಷ್ಟಿಗೆ ತುಂಬ ಸಿಗಬೇಕು. ಆಚಾರ್ರು ಬಂದು ಅವರ ಮುಷ್ಟಿಯ ಅಳತೆಯನ್ನಂತೂ ನೂಲಿನಲ್ಲಿ ತೆಗೆದುಕೊಂಡು ಹೋಗಿದ್ದಾರೆ.